ಎಂಡೋಸ್ಕೋಪಿ ನಾರ್ಮಲ್, ರಕ್ತ ಮಾತ್ರ ಹೋಗುತ್ತಲೇ ಇದೆ: ಮುಂದಿನ ತಪಾಸಣೆ ಯಾವುದು?

ಹಿಮೋಗ್ಲೋಬಿನ್ 6–7ಕ್ಕೆ ಇಳಿದಿರುತ್ತದೆ, ಸಂಡಾಸು ಡಾಂಬರಿನಂತೆ ಕಪ್ಪಗೆ ಅಂಟಂಟಾಗಿರುತ್ತದೆ. ಆದರೆ ಬಾಯಿಂದ ಹೊಟ್ಟೆ ನೋಡುವ ಎಂಡೋಸ್ಕೋಪಿ, ಗುದದ್ವಾರದಿಂದ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಎರಡೂ ನಾರ್ಮಲ್. ಆಗ ಅನುಮಾನ ಇವೆರಡೂ ಪೂರ್ತಿ ತಲುಪದ ಸಣ್ಣ ಕರುಳಿನ ಮೇಲೆ. ಬಾಗಲಕೋಟೆ, ವಿಜಯಪುರ ಕಡೆಯಿಂದ ಇಂಥ ಫೈಲು ಹಿಡಿದು ಬೆಳಗಾವಿಗೆ ಬರುವವರು ಮೊದಲು ಕೇಳುವುದು, "ಕ್ಯಾಪ್ಸೂಲ್ ನುಂಗಿಸ್ತೀರೇನ್ರೀ?" ಅಂತ. ಅದು ಕರುಳಿನೊಳಗೆ ಫೋಟೊ ತೆಗೆಯುವ ಕ್ಯಾಮೆರಾ ಗುಳಿಗೆ; ನುಂಗಿಸಬಹುದು. ಆದರೆ ಯಾವ ಯಂತ್ರ ಎನ್ನುವುದಕ್ಕಿಂತ ಯಾವಾಗ ಮಾಡಿದರು ಎನ್ನುವುದೇ ಇಲ್ಲಿ ಹೆಚ್ಚು ಮುಖ್ಯ.

ಮೊದಲು ಅಗ್ಗದ ಕೆಲಸ ಮುಗಿಸಿ. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳುವಿಗಾಗಿ ಮಲಪರೀಕ್ಷೆ ಬೇಕೇ ಬೇಕು. ಮೊಣಕಾಲು ನೋವಿಗೆ ತಾವೇ ಕೊಂಡು ನುಂಗುವ ಡೈಕ್ಲೊಫೆನಾಕ್ ಸಣ್ಣ ಕರುಳಿನಲ್ಲೂ ಹುಣ್ಣು ಮಾಡುತ್ತದೆ. ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಕಬ್ಬಿಣದ ಗುಳಿಗೆಯಿಂದಲೂ ಸಂಡಾಸು ಕಪ್ಪಾಗುತ್ತದೆ ಎನ್ನುವುದು ನೆನಪಿರಲಿ.

ಹಳೆಯ ತಪಾಸಣೆಯನ್ನೇ ಇನ್ನೊಮ್ಮೆ ಮಾಡಿಸಿ ಎಂದರೆ ಸಿಟ್ಟಾಗಬೇಡಿ. ಹೊಟ್ಟೆಯಲ್ಲಿ ರಕ್ತ ತುಂಬಿದ್ದಾಗ ಸಣ್ಣ ರಕ್ತನಾಳದ ಬಾಯಿ ಕಣ್ಣಿಗೆ ಬೀಳುವುದಿಲ್ಲ. ಕರುಳು ಸ್ವಚ್ಛವಾಗದಿದ್ದರೆ ಕೊಲೊನೋಸ್ಕೋಪಿ ಮಾಡಿಯೂ ಮಾಡದ ಹಾಗೆಯೇ. ಮೂರು ದಿನ ಮೊದಲೇ ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ದಾಳಿಂಬೆ ನಿಲ್ಲಿಸಿ; ಕಾಳು ಸ್ಕೋಪಿನ ನಳಿಕೆಗೆ ಸಿಕ್ಕಿಕೊಳ್ಳುತ್ತವೆ. ಕಬ್ಬಿಣದ ಗುಳಿಗೆಯನ್ನು ಡಾಕ್ಟರನ್ನು ಕೇಳಿ 5–7 ದಿನ ಮೊದಲೇ ಬಿಡಿ.

ಇದೂ ನಾರ್ಮಲ್ ಬಂದು, ರೋಗಿಯ ಬಿಪಿ, ನಾಡಿ ಸರಿಯಿದ್ದರೆ ನಮ್ಮ ಮೊದಲ ಆಯ್ಕೆ ಕ್ಯಾಪ್ಸೂಲೇ. ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪ, 8–12 ತಾಸು ಫೋಟೊ ತೆಗೆಯುತ್ತ ಸಾಗುತ್ತದೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಕರುಳು ತೊಳೆಯುವ ಪಿಇಜಿ ದ್ರಾವಣ 2 ಲೀಟರ್ ಕುಡಿಯಬೇಕು. ನುಂಗಿದ 2 ತಾಸಿಗೆ ನೀರು, 4 ತಾಸಿಗೆ ಹಗುರ ಊಟ. ರಕ್ತ ಹೋದ ಎರಡು-ಮೂರು ದಿನದೊಳಗೆ ನುಂಗಿಸಿದರೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ತಿಂಗಳು ಬಿಟ್ಟು ನುಂಗಿಸಿದರೆ ಎಷ್ಟೋ ಸಲ ದುಡ್ಡು ದಂಡ. ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು), ಚಿಕಿತ್ಸೆ ಎರಡೂ ಇದರಿಂದಾಗದು. ಕರುಳಿನ ಟಿಬಿ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಅಥವಾ ನೋವಿನ ಗುಳಿಗೆಯಿಂದ ಕರುಳು ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಉಂಡಮೇಲೆ ಹೊಟ್ಟೆ ಹಿಡಿದುಕೊಂಡು ನೋಯುವವರಿಗೆ ಮೊದಲು ಸಿಟಿ ಎಂಟರೋಗ್ರಫಿ (ಸಣ್ಣ ಕರುಳಿನ ಸಿಟಿ ಸ್ಕ್ಯಾನ್) ಆಗಲೇಬೇಕು.

ಎಂಟರೋಗ್ರಫಿಗೆ ಮ್ಯಾನಿಟಾಲ್ ಬೆರೆಸಿದ ನೀರು ಸುಮಾರು ಒಂದೂವರೆ ಲೀಟರ್, ಮುಕ್ಕಾಲು ತಾಸಿನಿಂದ ಒಂದು ತಾಸಿನಲ್ಲಿ ಕುಡಿಯಬೇಕು. ಗಡ್ಡೆ, ಕಿರಿದಾದ ಜಾಗ ಚೆನ್ನಾಗಿ ಕಾಣುತ್ತವೆ. ಚಪ್ಪಟೆಯಾದ ರಕ್ತನಾಳದ ದೋಷ ಕಣ್ತಪ್ಪಿಹೋಗುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ.

ರಕ್ತ ಧಾರಾಳ ಹೋಗುತ್ತಿದ್ದು ಬಿಪಿ ಬೀಳುತ್ತಿದ್ದರೆ ಕ್ಯಾಪ್ಸೂಲಿನ ಮಾತೇ ಬೇಡ. ರಕ್ತ ಏರಿಸುತ್ತಲೇ ಸಿಟಿ ಆಂಜಿಯೋಗ್ರಫಿಗೆ (ರಕ್ತನಾಳಗಳ ಸಿಟಿ ಸ್ಕ್ಯಾನ್) ಒಯ್ಯಬೇಕು. ನಿಮಿಷಕ್ಕೆ 0.3–0.5 ಮಿ.ಲೀ. ಸೋರಿದರೂ ಇದು ತೋರಿಸುತ್ತದೆ. ಜಾಗ ಸಿಕ್ಕರೆ ಕೆತೀಟರ್ (ಸಣ್ಣ ನಳಿಕೆ) ಹಾಕಿ ಕಾಯಿಲಿನಿಂದ (ಪುಟ್ಟ ಲೋಹದ ಸುರುಳಿ) ನಾಳ ಮುಚ್ಚಬಹುದು. ಸೋರಿಕೆ ನಿಂತ ಮೇಲೆ ಮಾಡಿದರೆ ಚಿತ್ರ ನಾರ್ಮಲ್ ಬರುತ್ತದೆ. ಆರ್‌ಬಿಸಿ ಸ್ಕ್ಯಾನ್ (ಗುರುತು ಹಚ್ಚಿದ ಕೆಂಪು ರಕ್ತಕಣಗಳ ಜಾಡು ಹಿಡಿಯುವ ಪರೀಕ್ಷೆ) ನಿಮಿಷಕ್ಕೆ 0.1 ಮಿ.ಲೀ. ಸೋರಿಕೆಯನ್ನೂ ಹಿಡಿಯುತ್ತದೆ, ಆದರೆ ನಿಖರವಾದ ಜಾಗ ಹೇಳುವುದಿಲ್ಲ. ಮಕ್ಕಳಿಗೆ, ಹರೆಯದವರಿಗೆ ಮೆಕೆಲ್ ಸ್ಕ್ಯಾನ್ (ಹುಟ್ಟಿನಿಂದಲೇ ಸಣ್ಣ ಕರುಳಿನಲ್ಲಿರುವ ಚೀಲವನ್ನು ಹುಡುಕುವ ಪರೀಕ್ಷೆ) ಮರೆಯಬಾರದು.

ಬಲೂನಿನ ನೆರವಿನಿಂದ ಸ್ಕೋಪನ್ನು ಸಣ್ಣ ಕರುಳಿನ ಆಳಕ್ಕೆ ಒಯ್ಯುವ ಬಲೂನ್ ಎಂಟರೋಸ್ಕೋಪಿಯಲ್ಲಿ ನೋಡುವುದು, ಬಯಾಪ್ಸಿ, ಸುಟ್ಟು ರಕ್ತ ನಿಲ್ಲಿಸುವುದು ಮೂರೂ ಒಟ್ಟಿಗೆ ಆಗುತ್ತವೆ. ಆದರೆ ಅರಿವಳಿಕೆ ಬೇಕು, ತಾಸುಗಟ್ಟಲೆ ಹಿಡಿಯುತ್ತದೆ. ಬಾಯಿಂದ ಹಾಕಬೇಕೋ ಗುದದ್ವಾರದಿಂದಲೋ ಎನ್ನುವುದು ಕ್ಯಾಪ್ಸೂಲ್ ವಿಡಿಯೊದಿಂದಲೇ ಗೊತ್ತಾಗುವುದರಿಂದ, ಬರೀ ರಿಪೋರ್ಟ್ ಅಲ್ಲ, ವಿಡಿಯೊ ಫೈಲನ್ನೇ ಕೇಳಿ ಪಡೆಯಿರಿ. ಕ್ಯಾಪ್ಸೂಲ್ ಹೊರಬಿದ್ದದ್ದು ಖಾತ್ರಿಯಾಗುವವರೆಗೆ ಎಂಆರ್‌ಐ ಮಾಡಿಸಕೂಡದು. ಎರಡು ವಾರವಾದರೂ ಕಾಣದಿದ್ದರೆ ಹೊಟ್ಟೆಯ ಎಕ್ಸ್‌ರೇ ತೆಗೆಸಿ.