ಮಾಳಿಗೆಯ ಹನಿ ನೀರಾವರಿ ಕಿಟ್: ವಿಜಯಪುರದ ಬೇಸಿಗೆಗಳನ್ನು ದಾಟಿದ ಮೇಲೆ

ಐದರಲ್ಲಿ ಮೂರೂವರೆ ನಕ್ಷತ್ರ. ಕಡಿತವಾದ ಒಂದೂವರೆಯಲ್ಲಿ ಒಂದು ಟೈಮರ್ ಪಾಲಿನದು, ಅರ್ಧ, ನೀರನ್ನು ಹನಿಹನಿಯಾಗಿ ಬಿಡುವ ಡ್ರಿಪ್ಪರ್‌ಗಳ ಪಾಲಿನದು. ಪೈಪು, ಕನೆಕ್ಟರ್, ಫಿಲ್ಟರ್‌ಗಳ ಬಗ್ಗೆ ನನ್ನ ತಕರಾರಿಲ್ಲ.

ಇಂಥ ಕಿಟ್‌ಗಳಿಗೆ ಬಂದಿರುವ ಹೊಗಳಿಕೆಯಲ್ಲಿ ಹೆಚ್ಚಿನದು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದದ್ದು. ಅದನ್ನು ನಂಬಿ ಒಣಸೀಮೆಯವರು ಕೊಳ್ಳಬಾರದು. ವಿಜಯಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು ಇಲ್ಲಿ ಸುದ್ದಿಯೇ ಅಲ್ಲ. ನಲ್ಲಿ ನೀರು ಬಂದ ದಿನ ಬಂತು, ಉಳಿದ ದಿನ ಕೊಳವೆಬಾವಿಯ ಸವುಳು ನೀರೇ ಗತಿ. ಈ ಮೂರನ್ನೂ ತಾಳಿಕೊಂಡು ಬದುಕಿದ ಕಿಟ್‌ನ ಕತೆ ಬೇರೆಯೇ ಇರುತ್ತದೆ.

ಮೊದಲು ಒತ್ತಡದ ವಿಷಯ. ಪೆಟ್ಟಿಗೆಯಲ್ಲಿ 16 ಮಿ.ಮೀ. ಮುಖ್ಯ ಪೈಪು, 4 ಮಿ.ಮೀ. ಸಣ್ಣ ಪೈಪು, ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್‌ಗಳು, ಜಾಲರಿ ಫಿಲ್ಟರ್, ಬ್ಯಾಟರಿ ಟೈಮರ್ ಇರುತ್ತವೆ. ಕೊಟ್ಟಿರುವ ಡ್ರಿಪ್ಪರ್‌ಗಳು ಒತ್ತಡವನ್ನು ತಾವೇ ಸರಿದೂಗಿಸಿ ಎಲ್ಲ ಕಡೆ ಒಂದೇ ಸಮ ನೀರು ಬಿಡುವ ಜಾತಿಯವು. ಹೊಲದಲ್ಲಿ, ಪಂಪಿನ ನೀರಿಗೆ ಅವು ಅತ್ಯುತ್ತಮ. ಆದರೆ ಸರಿಯಾಗಿ ಕೆಲಸ ಮಾಡಲು ಅರ್ಧ ಬಾರ್‌ನಿಂದ ಒಂದು ಬಾರ್‌ವರೆಗೆ ಒತ್ತಡ ಬೇಡುತ್ತವೆ. ನೀರಿನ ಮಟ್ಟ ಹತ್ತು ಮೀಟರ್ ಮೇಲಿದ್ದರೆ ಸಿಗುವುದು ಒಂದು ಬಾರ್. ನಮ್ಮ ಟ್ಯಾಂಕ್ ಮಾಳಿಗೆಯ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ, ಅಂದರೆ 0.15 ಬಾರ್. ಟ್ಯಾಂಕಿನ ಬುಡದ ಬದನೆಗೆ ನೀರು, ಕೊನೆಯ ಸಾಲಿನ ಬೆಂಡೆಗೆ ಬರೀ ತೇವ. ಡ್ರಿಪ್ಪರ್‌ಗಳನ್ನೆಲ್ಲ ಕಿತ್ತುಹಾಕಿ, ಸಣ್ಣ ಪೈಪುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ನೇರವಾಗಿ ಗಿಡದ ಚೀಲಗಳಿಗೆ ಇಳಿಬಿಟ್ಟ ಮೇಲೆ ಹಂಚಿಕೆ ಹೆಚ್ಚುಕಡಿಮೆ ಸಮನಾಯಿತು.

ಟೈಮರ್‌ನದೂ ಇದೇ ರೋಗ. ಒಳಗಿರುವುದು ವಿದ್ಯುತ್ ಕಾಂತದಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್. ಅದರ ಪರದೆ ಮೇಲೇಳಲು ನೀರಿನ ಒತ್ತಡವೇ ನೆರವಾಗಬೇಕು. ನಮ್ಮಲ್ಲಿ ಟಕ್ ಎಂಬ ಸದ್ದು ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ದೂರಿದರೆ ಮಾರಾಟಗಾರರ ಕಡೆಯಿಂದ ಬಂದ ಉತ್ತರ: ನಿಮ್ಮಲ್ಲಿ ಒತ್ತಡ ಕಡಿಮೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮಾತ್ರ ಸ್ಟೂಲಿನ ಮೇಲಿಟ್ಟ ಡ್ರಮ್ಮಿನಿಂದ ಇಡೀ ತೋಟ ನಳನಳಿಸುತ್ತಿದೆ! ಪುಟ್ಟ ಮೋಟಾರು ತಿರುಗಿಸುವ ಬಾಲ್ ವಾಲ್ವ್ ಟೈಮರ್‌ಗೆ ಇಂಥ ಒತ್ತಡದ ಹಂಗಿಲ್ಲ. ಈಗ ನಾವು ಬಳಸುತ್ತಿರುವುದು ಅದನ್ನೇ.

ಇಷ್ಟಾದರೂ ಈ ಸೀಮೆಯಲ್ಲಿ ಕಿಟ್‌ನ ಆಯುಷ್ಯ ತೀರ್ಮಾನಿಸುವುದು ಉಪ್ಪು. ಗಡಸು ನೀರಿನ ಸುಣ್ಣ ಪೈಪಿನ ತುದಿಗಳಲ್ಲಿ ಬಿಳಿ ಪದರವಾಗಿ ಕೂರುತ್ತದೆ, ಬೇಸಿಗೆಯಲ್ಲಂತೂ ಬಹಳ ಬೇಗ. ಫಿಲ್ಟರ್ ಕಸ ತಡೆಯುತ್ತದೆಯೇ ಹೊರತು ನೀರಿನಲ್ಲಿ ಕರಗಿರುವುದನ್ನು ತಡೆಯುವುದಿಲ್ಲ. ತುದಿಗಳನ್ನು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಸುಣ್ಣ ಕರಗುತ್ತದೆ. ಮುಖ್ಯ ಪೈಪಿನ ಕೊನೆಯ ಮುಚ್ಚಳ ತೆಗೆದು ಆಗಾಗ ನೀರು ಹರಿಯಬಿಟ್ಟರೆ ಕೆಸರೂ ಹೋಗುತ್ತದೆ. ಇದು ಸುಲಭದ ಭಾಗ. ಮಣ್ಣಿನೊಳಗಿನ ಉಪ್ಪಿಗೆ ವಿನೆಗರ್ ಮದ್ದಲ್ಲ. ಹನಿಹನಿಯಾಗಿ ಬಿದ್ದ ನೀರನ್ನು ಬಿಸಿಲು ಹೀರುತ್ತದೆ, ಉಪ್ಪು ಚೀಲದಲ್ಲೇ ಉಳಿಯುತ್ತದೆ. ಎಲೆಯಂಚು ಸುಟ್ಟಂತಾದರೆ ಜನ ನೀರು ಕಡಿಮೆಯಾಯಿತೆಂದು ಟೈಮರ್ ಹೆಚ್ಚಿಸುತ್ತಾರೆ, ಅದರ ಜೊತೆಗೆ ಉಪ್ಪೂ ಹೆಚ್ಚುತ್ತದೆ. ನಡುನಡುವೆ ಒಮ್ಮೆ, ಕೈಲಾದರೆ ಹಿಡಿದಿಟ್ಟ ಮಳೆನೀರನ್ನು, ಚೀಲದ ತಳದಿಂದ ಧಾರಾಳವಾಗಿ ಇಳಿದುಹೋಗುವಷ್ಟು ಸುರಿಯಬೇಕು. ನೀರು ಉಳಿಸಲೆಂದೇ ತಂದ ಕಿಟ್ ಇಟ್ಟುಕೊಂಡು ನೀರು ಸುರಿಯಬೇಕು ಎಂದರೆ ವಿಚಿತ್ರ ಎನಿಸಬಹುದು. ಆದರೂ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಇನ್ನೂ ವಿಚಿತ್ರ.

ನಮ್ಮ ಅತ್ತೆಯವರಿಗೆ ಕಿಟ್ ಇಂದಿಗೂ ಒಪ್ಪಿಗೆಯಿಲ್ಲ. ‘ಗಿಡದ ಮುಖ ನೋಡಿ ನೀರು ಹಾಕಬೇಕು, ಗಡಿಯಾರ ನೋಡಿ ಅಲ್ಲ’ ಎನ್ನುತ್ತಾರೆ. ಪುಂಡಿಪಲ್ಲೆಯ ಚೀಲಗಳು ಅವರ ಸುಪರ್ದಿಯಲ್ಲಿವೆ. ಅವಕ್ಕೆ ತಂಬಿಗೆಯ ನೀರು. ಅವು ಚೆನ್ನಾಗಿಯೇ ಇವೆ, ಸುಳ್ಳೇಕೆ ಹೇಳಲಿ.

ಸಣ್ಣಪುಟ್ಟ ಸಂಗತಿಗಳು: ಪಾರದರ್ಶಕ ಸಣ್ಣ ಪೈಪು ಬೇಡ, ಬೆಳಕು ಹಾಯ್ದು ಒಳಗೆ ಪಾಚಿ ಕಟ್ಟುತ್ತದೆ; ಕಪ್ಪನೆಯದೇ ಇರಲಿ. ಆದರೆ ಕಪ್ಪು ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಕೈ ಸುಡುತ್ತದೆ, ಹಾಗಾಗಿ ನೀರು ಬಿಡುವುದು ಬೆಳಗಿನ ಜಾವವೇ ಆಗಬೇಕು. ಅಳಿಲುಗಳು ಪೈಪು ಕಡಿಯುತ್ತವೆ. ಒಂದು ಮಣ್ಣಿನ ಬಟ್ಟಲಲ್ಲಿ ಅವಕ್ಕೂ ನೀರಿಟ್ಟ ಮೇಲೆ ಕಾಟ ಕಡಿಮೆಯಾಗಿದೆ, ನಿಂತಿಲ್ಲ.

ಕಿಟ್ ಜೊತೆಗೆ ಇನ್ನೇನು ಕೊಳ್ಳಬೇಕು ಎಂದು ಕೇಳುವವರಿಗೆ: ಕಿಟ್‌ಗಿಂತ ಮೊದಲೇ ಅರ್ಧ ಬಿಸಿಲು ತಡೆಯುವ, 50 ಪ್ರತಿಶತದ ಹಸಿರು ನೆರಳು ಪರದೆ ಕೊಳ್ಳಿ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಅದಿಲ್ಲದೆ ಯಾವ ಹನಿಯೂ ಸಾಲದು. ಆಷಾಢದ ಗಾಳಿ ಏಳುವ ಮುನ್ನ ಬಿಚ್ಚಿಡದಿದ್ದರೆ ಪಕ್ಕದ ಮನೆಯ ಮಾಳಿಗೆಯಲ್ಲಿ ಹುಡುಕಬೇಕಾದೀತು. ಚೀಲಗಳು ಕಾದ ಸ್ಲ್ಯಾಬಿನ ಮೇಲೆ ನೇರವಾಗಿ ಕೂರದಂತೆ ಇಟ್ಟಿಗೆ ಕೊಡಿ. ಮಣ್ಣಿನ ಮೇಲೆ ತೊಗರಿ ಹೊಟ್ಟನ್ನು ಮೂರು ಬೆರಳು ದಪ್ಪ ಹರಡಿ. ತೊಗರಿಯ ಕಣಜದಂಥ ಜಿಲ್ಲೆಯಲ್ಲಿ ಹೊಟ್ಟಿಗೇನು ಬರ?

ಬೆಳೆಯ ಮಾತಿಗೆ ಬಂದರೆ ಚವಳಿಕಾಯಿ, ಬದನೆ, ರಾಜಗಿರಿ ಬೇಸಿಗೆಯಲ್ಲೂ ಕೈಬಿಟ್ಟಿಲ್ಲ. ಬೆಂಡೆಯಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಾಕಿದ್ದೇವೆ; ಹಳದಿ ನಂಜು ರೋಗವನ್ನು ತಡೆದುಕೊಳ್ಳುತ್ತದೆ. ಟೊಮೆಟೊ ಚಳಿಗಾಲದ್ದು. ಹಗಲ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ, ಅದಕ್ಕೆ ಕಿಟ್ ಹೊಣೆಯಲ್ಲ. ಬೀನ್ಸ್‌ಗೆ ಉಪ್ಪು ಆಗಿಬರುವುದೇ ಇಲ್ಲ, ಸವುಳು ನೀರಿನವರು ಆಸೆ ಬಿಡಿ. ಅದೇ ನೀರಿಗೆ ಬೀಟ್‌ರೂಟ್ ಚೆನ್ನಾಗಿ ಬರುತ್ತದೆ.

ಇದೇ ಕಿಟ್ ಮತ್ತೆ ಕೊಳ್ಳುತ್ತೇನೆಯೇ? ಇಲ್ಲ. ಹನಿ ನೀರಾವರಿ ಬಿಡುವುದೂ ಇಲ್ಲ. ತಿಕೋಟಾದ ದ್ರಾಕ್ಷಿ, ಇಂಡಿ ತಾಲ್ಲೂಕಿನ ನಿಂಬೆ ತೋಟಗಳವರಿಗೆ ಸಾಮಾನು ಒದಗಿಸುವ ಅಂಗಡಿಗಳು ಊರಿನಲ್ಲೇ ಇವೆ. 16 ಮಿ.ಮೀ. ಪೈಪನ್ನು ಅಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಮುರಿದ ಕನೆಕ್ಟರ್‌ಗೆ ಬಿಡಿ ಭಾಗ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಟೈಮರ್ ಒಂದನ್ನು ಮಾತ್ರ ಬೇರೆಯಾಗಿ, ಬಾಲ್ ವಾಲ್ವ್‌ನದೇ ಬೇಕೆಂದು ಕೇಳಿ ತನ್ನಿ. ಅದರ ಬ್ಯಾಟರಿಯನ್ನು ಮಕ್ಕಳ ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನವೇ ಬದಲಾಯಿಸಿ.