₹75ರ ಸಂಸತ್ ನಾಣ್ಯ: ಅರ್ಧ ಬೆಳ್ಳಿಗೆ ಎಷ್ಟು ಕೊಡಬಹುದು?

ದೆಹಲಿಯ ಹೊಸ ಸಂಸತ್ ಭವನ ಉದ್ಘಾಟನೆಯಾದ 2023ರ ಮೇ 28ರಂದೇ ಬಿಡುಗಡೆಯಾದ ₹75ರ ನಾಣ್ಯವನ್ನು ಅನೇಕರು ‘ಬೆಳ್ಳಿ ನಾಣ್ಯ’ ಎಂದುಕೊಂಡೇ ಕೊಳ್ಳುತ್ತಾರೆ. ಅಪ್ಪಟ ಬೆಳ್ಳಿಯೇನಲ್ಲ. 44 ಮಿಲಿಮೀಟರ್ ಅಗಲ, ಸುಮಾರು 35 ಗ್ರಾಂ ತೂಕ, ಅಂಚಿನಲ್ಲಿ 200 ಹಲ್ಲು. ಲೋಹದಲ್ಲಿ ಬೆಳ್ಳಿ ಶೇ 50, ತಾಮ್ರ ಶೇ 40, ನಿಕಲ್ ಮತ್ತು ಸತು ತಲಾ ಶೇ 5. ಅಂದರೆ ಕೈಗೆ ಸಿಗುವ ಬೆಳ್ಳಿ 17.5 ಗ್ರಾಂ. ಅಜ್ಜಿಯರ ಪೆಟ್ಟಿಗೆಯಲ್ಲಿರುವ ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಶೇ 91.7. ಅಂಥ ಎರಡು ರೂಪಾಯಿ ಸೇರಿದರೆ ಈ ದೊಡ್ಡ ನಾಣ್ಯಕ್ಕಿಂತ ಹೆಚ್ಚು ಬೆಳ್ಳಿ.

ಬೆಲೆ ಕಟ್ಟುವಾಗ ಮೊದಲು ಈ ಲೆಕ್ಕ ಮುಗಿಸಿ: ಆ ದಿನದ ಗ್ರಾಂ ದರ ಗುಣಿಸು 17.5. ಮಾರುವವರು ಕೇಳುವ ಹಣದಲ್ಲಿ ಇದನ್ನು ಕಳೆದರೆ ಉಳಿಯುವುದು ಅಚ್ಚಿನ ಕೆಲಸ, ಪೆಟ್ಟಿಗೆ ಮತ್ತು ಅಪರೂಪದ ಬೆಲೆ. ಮುಖಬೆಲೆಯಾದ ₹75ಕ್ಕೆ ಇಲ್ಲಿ ಕೆಲಸವಿಲ್ಲ. ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಮುಖಬೆಲೆ ಇರುವುದರಿಂದ ಇದು ಕಾನೂನಿನ ಪ್ರಕಾರ ನಾಣ್ಯ, ಮತ್ತು 2011ರ ನಾಣ್ಯ ಕಾಯ್ದೆಯಡಿ ನಾಣ್ಯ ಕರಗಿಸುವುದು ಅಪರಾಧ. ಮುಖಬೆಲೆ ಇಲ್ಲದ ಬೆಳ್ಳಿ ಪದಕವಾದರೆ ಯಾರಿಗೂ ಬೇಡವಾದ ದಿನ ಅಕ್ಕಸಾಲಿಗರ ಮೂಸೆಗಾದರೂ ಹೋಗುತ್ತದೆ. ಇದು ಹೋಗುವ ಹಾಗಿಲ್ಲ, ಇನ್ನೊಬ್ಬ ಸಂಗ್ರಾಹಕ ಸಿಕ್ಕರಷ್ಟೇ ಮಾರಾಟ. ‘ಬೆಳ್ಳಿ ಏರಿದರೆ ಇದೂ ಏರುತ್ತದೆ’ ಎಂದು ಹೂಡಿಕೆಯಂತೆ ಕೊಳ್ಳುವವರು ಹತ್ತು ಸಲ ಯೋಚಿಸಲಿ.

ಸಿಂಹ ಲಾಂಛನದ ಮಗ್ಗುಲು ಎಲ್ಲ ಸ್ಮರಣಾರ್ಥ ನಾಣ್ಯಗಳಲ್ಲೂ ಇರುವಂಥದ್ದೇ. ಇನ್ನೊಂದು ಮಗ್ಗುಲಲ್ಲಿ ಸಂಸತ್ ಸಂಕೀರ್ಣದ ಚಿತ್ರ, ಸುತ್ತ ನಾಗರಿ ಮತ್ತು ಇಂಗ್ಲಿಷ್ ಬರಹ, 2023 ಎಂಬ ಇಸವಿ. ಅಡ್ಡಡ್ಡ ಹರಡಿದ ಕಟ್ಟಡವನ್ನು ದುಂಡು ಬಿಲ್ಲೆಯೊಳಗೆ ಕೂರಿಸುವುದು ಕಷ್ಟದ ಕೆಲಸ, ಕಟ್ಟಡ ಚಿಕ್ಕದಾಗಿ ಅಕ್ಷರಗಳೇ ದೊಡ್ಡದಾಗಿಬಿಡುತ್ತವೆ. 19ನೇ ಶತಮಾನದಲ್ಲಿ ಬೆಲ್ಜಿಯಂನ ಜಾಕ್ ವೀನರ್ ಯೂರೋಪಿನ ಚರ್ಚುಗಳ ಪದಕ ಕೆತ್ತಿದಾಗ ಒಂದು ಬದಿಗೆ ಹೊರನೋಟ, ಇನ್ನೊಂದು ಬದಿಗೆ ಒಳನೋಟ ಇಟ್ಟ. ಕಂಬಗಳ ಸಾಲು ದೂರ ಹೋದಂತೆ ಸಣ್ಣದಾಗುವುದು ಕಣ್ಣಿಗೆ ಕಟ್ಟುತ್ತದೆ. ಕಟ್ಟಡದ ಪದಕಕ್ಕೆ ಅದು ಇಂದಿಗೂ ಅಳತೆಗೋಲು. ಅದರ ಮುಂದೆ ನಮ್ಮ ನಾಣ್ಯದ ಉಬ್ಬು ತೆಳು. ಆದರೆ ಸಂಗ್ರಾಹಕರಿಗೆಂದೇ ವಿಶೇಷ ಹೊಳಪಿನಲ್ಲಿ ಅಚ್ಚೊತ್ತಿದ ‘ಪ್ರೂಫ್’ ಪ್ರತಿಯಲ್ಲಿ ಹಿನ್ನೆಲೆ ಕನ್ನಡಿಯಂತೆ ಹೊಳೆದು ಕಟ್ಟಡ ಮಂಜು ಬಿಳುಪಾಗಿ ನಿಲ್ಲುವುದರಿಂದ ಆ ಕೊರತೆ ಸಾಕಷ್ಟು ಮುಚ್ಚಿಹೋಗುತ್ತದೆ. ಕಟ್ಟಡ ನೋಡಲೆಂದೇ ಕೊಳ್ಳುವುದಾದರೆ ಪ್ರೂಫ್ ತೆಗೆದುಕೊಳ್ಳಿ, ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಅಂದರೆ ಚಲಾವಣೆಗೆ ಬಾರದ ಮಾಮೂಲಿ ಅಚ್ಚಿನ ಪ್ರತಿ) ಸಪ್ಪೆ ಕಾಣುತ್ತದೆ.

ನಕಲಿಯದೇ ದೊಡ್ಡ ಕಾಟ. ಆನ್‌ಲೈನ್‌ನಲ್ಲಿ ಬೆಳ್ಳಿ ನೀರು ಕೊಟ್ಟ ತಾಮ್ರ-ನಿಕಲ್ ಬಿಲ್ಲೆಗಳು ‘ಸ್ಮರಣಿಕೆ’ ಎಂಬ ಹೆಸರಲ್ಲಿ ಬರುತ್ತವೆ. ತೂಕ ಸರಿ ಹೊಂದಿಸಿರುತ್ತಾರೆ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಸಿಕ್ಕಿಬೀಳುವುದು ನೀರಿನಲ್ಲಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ; 35 ಗ್ರಾಮಿನ ಅಸಲಿಗೆ ಅದು ಸುಮಾರು 3.67 ಗ್ರಾಂ ಇರಬೇಕು. ಅಷ್ಟೇ ತೂಕದ ತಾಮ್ರ-ನಿಕಲ್ 3.93ರ ಹತ್ತಿರ, ಹಿತ್ತಾಳೆ 4.1ರ ಹತ್ತಿರ. ಅಪ್ಪಟ ಬೆಳ್ಳಿಯಾದರೆ 3.34. ವ್ಯತ್ಯಾಸ ಕಾಲು ಗ್ರಾಮಷ್ಟೇ, ಆದ್ದರಿಂದ ಅಡುಗೆಮನೆ ತಕ್ಕಡಿ ಸಾಲದು. ಪ್ರೂಫ್ ಪ್ರತಿಗೆ ಮಾತ್ರ ಈ ಪ್ರಯೋಗ ಬೇಡ, ಅದನ್ನಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಕ್ಯಾಪ್ಸೂಲ್ ತೆರೆದರೇ ನಷ್ಟ. ಅಕ್ಕಸಾಲಿಗರ ಒರೆಗಲ್ಲು ಸಂಗ್ರಹದ ನಾಣ್ಯಕ್ಕೆ ಶತ್ರು. ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಗಾಯ ಮಾಡುವುದಿಲ್ಲ, ಆದರೆ ಅದು ಓದುವುದು ಮೇಲ್ಪದರವನ್ನು. ದಪ್ಪ ಲೇಪವಿದ್ದರೆ ಅದೂ ಮೋಸಹೋಗುತ್ತದೆ. ‘ಜರ್ಮನ್ ಸಿಲ್ವರ್’ ಎಂದು ಬರೆದಿದ್ದರೆ ಪರೀಕ್ಷೆಯೇ ಬೇಡ, ಅದರಲ್ಲಿ ಬೆಳ್ಳಿ ಇರುವುದೇ ಇಲ್ಲ.

ಕೊಳ್ಳಲು ಸರಿಯಾದ ದಾರಿ ಭಾರತ ಸರ್ಕಾರದ ಟಂಕಸಾಲೆಯ ಆನ್‌ಲೈನ್ ಮಳಿಗೆ. ಹಣ ಮೊದಲೇ ಕಟ್ಟಬೇಕು, ತಾಳ್ಮೆಯೂ ಬೇಕು. ಬುಕಿಂಗ್ ಮುಗಿದ ಮೇಲೆ ವ್ಯಾಪಾರಿಗಳ ಕೈಯಿಂದಲೇ ಕೊಳ್ಳಬೇಕಾಗುತ್ತದೆ. ಆಗ ಮೂಲ ಪೆಟ್ಟಿಗೆ, ಫೋಲ್ಡರ್, ಕ್ಯಾಪ್ಸೂಲ್ ಎಲ್ಲ ಇವೆಯೇ ನೋಡಿ. ಬಿಡಿ ನಾಣ್ಯಕ್ಕೂ ಪೂರ್ತಿ ಸೆಟ್ಟಿಗೂ ಒಂದೇ ಬೆಲೆ ಹೇಳಿದರೆ ಎದ್ದು ಬನ್ನಿ. ಫೋಟೊ ನೋಡಿ ಕೊಳ್ಳುವುದಾದರೆ ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಕೇಳಿ, ನೇರ ಬೆಳಕಿನಲ್ಲಿ ಕೂದಲೆಳೆ ಗೀರು ಕಾಣುವುದಿಲ್ಲ.

ಆ ಗೀರು ಬರುವುದು ಬಹುಪಾಲು ಮನೆಯಲ್ಲೇ. ದೇವರ ದೀಪ ಬೆಳಗಿದ ಹಾಗೆ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಪ್ರೂಫ್‌ನ ಕನ್ನಡಿ ಒಂದೇ ಸಲಕ್ಕೆ ಮುಗಿಯಿತು, ಮತ್ತೆ ಬರುವುದಿಲ್ಲ. ಕಪ್ಪಾಗುವುದಕ್ಕೆ ಕಾರಣ ಗಂಧಕ: ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ರಟ್ಟು ಹತ್ತಿರ ಇರಬಾರದು. ಶೇ 40ರಷ್ಟು ತಾಮ್ರ ಇರುವುದರಿಂದ ಬೆವರುಗೈ ತಾಗಿದಲ್ಲಿ ಕಂದು ಚುಕ್ಕೆ ಏಳುತ್ತದೆ, ಅಂಚು ಹಿಡಿದೇ ಎತ್ತಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕೆಲವು ವರ್ಷಕ್ಕೆ ಹಸಿರು ಜಿಡ್ಡು ಬರುತ್ತದೆ. ಅದನ್ನು ಉಜ್ಜಬೇಡಿ, ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಒದ್ದೆಯಾದಾಗಲೆಲ್ಲ ಬದಲಿಸಬೇಕು.

ಬೆಳ್ಳಿಯೇ ಮುಖ್ಯ ಎನ್ನುವವರಿಗೆ ಬೇರೆ ದಾರಿಗಳಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷಕ್ಕೆ ಬಂದ ₹1000ದ ನಾಣ್ಯವೂ 35 ಗ್ರಾಮಿನದೇ, ಆದರೆ ಬೆಳ್ಳಿ ಶೇ 80, ಅಂದರೆ 28 ಗ್ರಾಂ. ನೀರಿನ ಪರೀಕ್ಷೆಯಲ್ಲಿ ಅದು 3.45ರ ಸುತ್ತ ನಿಲ್ಲಬೇಕು. ಟಂಕಸಾಲೆ 2024ರಲ್ಲಿ ಹೊರತಂದ ಅಯೋಧ್ಯೆ ಮಂದಿರದ ಬಿಲ್ಲೆ 50 ಗ್ರಾಂ, 999 ಶುದ್ಧತೆ, ಅಂದರೆ ಬೆಳ್ಳಿ ಶೇ 99.9. ಅದರ ಮೇಲೆ ಬಣ್ಣವಿರುವುದರಿಂದ ಅಸಿಟೋನ್ ತಾಗಿಸಲೇಬೇಡಿ.