ಎಂಡ್ ಬಿಟ್‌ಗಳ ಲೆಕ್ಕ: ಮೂರು ವರ್ಷ ಬಳಸಿದ ಮೇಲೆ

ನಾನು ಒಂದು ಮಷಿನ್ ಶಾಪ್‌ನ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಸ್ಟಾಕ್ ಸಾಫ್ಟ್‌ವೇರ್‌ನಲ್ಲಿ ಎಂಡ್ ಬಿಟ್‌ಗಳಿಗೆ, ಅಂದರೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳಿಗೆಂದೇ, ಒಂದು ಭಾಗವಿದೆ. ಅದನ್ನು ಬಳಸಲು ಶುರು ಮಾಡಿ ಮೂರು ವರ್ಷ ಆಯಿತು. ಶುರು ಮಾಡಿದ್ದು ಆಸೆಯಿಂದಲ್ಲ, ಒಂದು ದಿನ ಮುಖಭಂಗ ಆದದ್ದರಿಂದ.

ಅವತ್ತು 50 ಮಿ.ಮೀ. ಉಕ್ಕಿನ ರಾಡಿನಲ್ಲಿ 1.2 ಮೀಟರ್ ಉದ್ದದ ಮೂರು ಶಾಫ್ಟ್ ಬೇಕಿತ್ತು. ಕಂಪ್ಯೂಟರ್ 74 ಕೆ.ಜಿ. ಇದೆ ಅಂತ ತೋರಿಸಿತು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಸುಮಾರು 15.4 ಕೆ.ಜಿ. ಬರುತ್ತದೆ. ಅಂದರೆ 4.8 ಮೀಟರ್ ಮಾಲು, ಮೂರು ಶಾಫ್ಟಿಗೆ ಧಾರಾಳ. 'ಇದೆ, ಕೆಲಸ ಹಾಕಿ' ಅಂದುಬಿಟ್ಟೆ. ರ‍್ಯಾಕ್ ಹತ್ತಿರ ಹೋಗಿ ನೋಡಿದರೆ 800 ಮಿ.ಮೀ.ನ ಆರು ತುಂಡು! ಒಂದು ಶಾಫ್ಟೂ ಬರುವುದಿಲ್ಲ. ಲೆಕ್ಕದಲ್ಲಿ ಒಂದು ಕಿಲೋ ತಪ್ಪಿರಲಿಲ್ಲ, ಅದೇ ತಮಾಷೆ.

ಈಗ ಪ್ರತಿ ತುಂಡಿಗೂ ಅದರದೇ ನಂಬರ್. ಯಾವ ರಾಡಿನಿಂದ ಬಂತು, ಎಷ್ಟು ಉದ್ದ, ಯಾವ ರ‍್ಯಾಕ್, ಎಲ್ಲ ಅದರಲ್ಲಿದೆ. '1.2 ಮೀಟರಿಗಿಂತ ಜಾಸ್ತಿ ಇರುವುದು ತೋರಿಸು' ಅಂದರೆ ತೋರಿಸುತ್ತದೆ. ಇದೊಂದಕ್ಕೇ ನಾನು ಇದನ್ನು ಬಿಟ್ಟಿಲ್ಲ.

ಬ್ಲೇಡ್ ತಿನ್ನುವ ದಪ್ಪವನ್ನೂ ಮೊದಲೇ ಹಾಕಿಡಬಹುದು. ನಮ್ಮ ಬ್ಯಾಂಡ್‌ಸಾಗೆ 2 ಮಿ.ಮೀ. ಹಾಕಿದ್ದೇವೆ. 6 ಮೀಟರ್ ರಾಡಿನಲ್ಲಿ 500 ಮಿ.ಮೀ.ನ 12 ತುಂಡು ಬರುತ್ತದೆ ಅಂತ ಹಳೆಯ ಲೆಕ್ಕ ಹೇಳುತ್ತಿತ್ತು. ಬರುವುದು 11, ಜೊತೆಗೆ 478 ಮಿ.ಮೀ.ನ ಒಂದು ಬಿಟ್.

ಹೀಟ್ ನಂಬರ್ (ಲೋಹ ಯಾವ ಸಲ ಕರಗಿಸಿದ ಬ್ಯಾಚಿನದು ಅಂತ ಹೇಳುವ ನಂಬರ್) ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ತಾಯಿ ರಾಡಿನ ಹೀಟ್ ನಂಬರ್, ಟೆಸ್ಟ್ ಸರ್ಟಿಫಿಕೇಟ್ ಎರಡೂ ಬಿಟ್‌ಗೆ ತಾನಾಗಿಯೇ ಬರುತ್ತವೆ, ಆದರೆ ಸ್ಕ್ರೀನ್ ಮೇಲೆ ಮಾತ್ರ. ಪಂಚ್, ಅಂದರೆ ಆ ನಂಬರನ್ನು ಲೋಹದ ಮೇಲೆ ಒತ್ತಿದ ಗುರುತು, ಇರುವುದು ರಾಡಿನ ಒಂದು ತುದಿಯಲ್ಲಿ. ಆ ತುದಿಯನ್ನೇ ಮೊದಲು ಕತ್ತರಿಸಿಬಿಟ್ಟರೆ ಉಳಿದದ್ದು ಅನಾಥ. ಸರ್ಟಿಫಿಕೇಟ್ ಕೇಳುವ ಗ್ರಾಹಕರ ಕೆಲಸಕ್ಕೆ ಅದನ್ನು ಹಾಕುವ ಹಾಗಿಲ್ಲ. ಪಂಚ್ ಇಲ್ಲದ ಕಡೆಯಿಂದ ಕತ್ತರಿಸುವುದನ್ನು ನಾವೇ ರೂಢಿ ಮಾಡಿಕೊಂಡೆವು. ಬಾರ್‌ಕೋಡ್ ಚೀಟಿ ಕೂಲೆಂಟ್‌ಗೆ ಒದ್ದೆಯಾಗಿ ವಾರದಲ್ಲಿ ಉದುರುತ್ತಿತ್ತು. ಈಗ ಪೇಂಟ್ ಮಾರ್ಕರ್‌ನಲ್ಲಿ ತುದಿಗೆ ನಂಬರ್ ಬರೆಯುತ್ತೇವೆ.

ಮೊದಲ ಆರು ತಿಂಗಳು ನಾನು ಮಾಡಿದ ದೊಡ್ಡ ತಪ್ಪೆಂದರೆ ಸಿಕ್ಕಿದ್ದನ್ನೆಲ್ಲ ದಾಖಲಿಸಿದ್ದು. 60 ಮಿ.ಮೀ.ನ ಚೂರಿಗೂ ಒಂದು ನಂಬರ್! ಹುಡುಕಿದರೆ ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ಆಮೇಲೆ ಪ್ರತಿ ಐಟಂಗೂ ಕನಿಷ್ಠ ಉದ್ದ ಇಟ್ಟೆ. ಮೈಲ್ಡ್ ಸ್ಟೀಲ್‌ಗೆ 150 ಮಿ.ಮೀ., ದುಬಾರಿ ಸ್ಟೇನ್‌ಲೆಸ್‌ಗೆ ಅದಕ್ಕಿಂತ ಕಡಿಮೆ. ಅದರ ಕೆಳಗಿನದು ತೂಕವಾಗಿ ಸೀದಾ ಸ್ಕ್ರ್ಯಾಪ್‌ಗೆ. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲ ದಿನವೇ ಮಾಡಿ.

ಇನ್ನು ದೂರುಗಳು. ಬಿಟ್ ಕೊಡುವಾಗ ಇದು ಹಳೆಯದನ್ನು ಮೊದಲು ತೋರಿಸುತ್ತದೆ. ನನಗೆ ಬೇಕಿರುವುದು ಕೆಲಸಕ್ಕೆ ಸಾಕಾಗುವ ಅತಿ ಚಿಕ್ಕ ಬಿಟ್, ಅಲ್ವಾ? 900 ಮಿ.ಮೀ. ಕೇಳಿದರೆ 1.4 ಮೀಟರಿನದು ಕೊಡುತ್ತದೆ, ಪಕ್ಕದಲ್ಲೇ 950ರದು ಮಲಗಿರುತ್ತದೆ. ನಾವು ಉದ್ದದ ಕಾಲಂ ಒತ್ತಿ, ಕೈಯಾರೆ ಆರಿಸಿಕೊಳ್ಳುತ್ತೇವೆ. ಸಪೋರ್ಟ್‌ನವರಿಗೆ ಎರಡು ಸಲ ಬರೆದೆ, 'ಪರಿಶೀಲಿಸುತ್ತೇವೆ' ಅಂದರು.

ಶೀಟಿನ ಕಥೆ ಇನ್ನೂ ಕಷ್ಟ. ಉದ್ದ, ಅಗಲ ಎರಡೇ ಖಾನೆ. ಲೇಸರ್ ಕಟಿಂಗ್ ಆದಮೇಲೆ ಉಳಿಯುವುದು ಎಲ್ ಆಕಾರದ್ದು. ಅದರಲ್ಲಿ ಕೂರುವ ದೊಡ್ಡ ಆಯತವನ್ನಷ್ಟೇ ಬರೆಯಬೇಕು. ಇನ್ನೊಂದು ತೋಳು ಕಂಪ್ಯೂಟರ್ ಪಾಲಿಗೆ ಇಲ್ಲವೇ ಇಲ್ಲ. ಸುಮ್ನೆ ಒಂದು ಫೋಟೋ ತೆಗೆದು ಸೇರಿಸಿಡುತ್ತೇವೆ.

ಎಂಟ್ರಿ ಮಾಡುವವರು ಯಾರು ಅನ್ನುವುದೂ ಮುಖ್ಯ. ಮೊದಲು ಸಂಜೆ ನಾನೇ ಕೂತು ಹಾಕುತ್ತಿದ್ದೆ, ಅರ್ಧ ಮರೆತುಹೋಗುತ್ತಿತ್ತು. ಬ್ಯಾಂಡ್‌ಸಾ ಪಕ್ಕದಲ್ಲೇ ಒಂದು ಟ್ಯಾಬ್ ಇಟ್ಟ ಮೇಲೆ ಆಪರೇಟರೇ ಉದ್ದ ಒತ್ತುತ್ತಾರೆ. ಎಣಿಕೆ ದಿನ ರ‍್ಯಾಕಿಗೂ ಪಟ್ಟಿಗೂ ಜಗಳ ಕಡಿಮೆಯಾದದ್ದು ಆಗಿನಿಂದ.

ರಾಡಿಗೆ 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಶೀಟಿಗೆ ಎರಡೇ.